ದನಗಳ ಜಾತ್ರೆ, ಕೃಷಿಮೇಳ ಮತ್ತು ರೋಗತಡೆ

ದನಗಳ ಜಾತ್ರೆ, ಜಾನುವಾರು ಪ್ರದರ್ಶನ, ಕೃಷಿಮೇಳ, ಹೆಸರು ಯಾವುದೇ ಇರಲಿ, ಊರೂರಿನ ರಾಸುಗಳು ಕೆಲವು ದಿನ ಒಂದೇ ಬಯಲಿನಲ್ಲಿ ಮೈಗೆ ಮೈ ತಾಗಿಸಿ ನಿಂತು, ಆಮೇಲೆ ಹತ್ತಾರು ದಿಕ್ಕಿಗೆ ಚದುರಿಹೋಗುವ ಸಂದರ್ಭವದು. ಕಾಲುಬಾಯಿ ಜ್ವರ, ಚರ್ಮಗಂಟು ರೋಗ, ಕುರಿಮೇಕೆಗಳ ಪಿಪಿಆರ್, ಹಕ್ಕಿಜ್ವರ, ಹಂದಿಜ್ವರದಂಥ ಸಾಂಕ್ರಾಮಿಕಗಳಿಗೆ ಇಂಥ ಕೂಟ ಸಲೀಸಾದ ದಾರಿ. ಆ ದಾರಿಯನ್ನು ಮುಚ್ಚಲು ಮೇಳಕ್ಕೆ ಮೊದಲು, ಮೇಳದ ಬಯಲಿನಲ್ಲಿ ಮತ್ತು ಮೇಳ ಮುಗಿದ ಮೇಲೆ ಅನುಸರಿಸುವ ಕ್ರಮಗಳನ್ನು ಒಟ್ಟಾಗಿ ಜೈವಿಕ ಸುರಕ್ಷತೆ ಎನ್ನುತ್ತಾರೆ. ಈ ಮೂರು ಘಟ್ಟಗಳಲ್ಲಿ ಕೊನೆಯದೇ ಹೆಚ್ಚು ನಿರ್ಣಾಯಕ. ಹೆಚ್ಚು ಅಲಕ್ಷ್ಯಕ್ಕೆ ಗುರಿಯಾಗಿರುವುದೂ ಅದೇ.

ಕರ್ನಾಟಕದಲ್ಲಿ ದನಗಳ ಜಾತ್ರೆಗಳ ಕಾಲ ಬಹುಮಟ್ಟಿಗೆ ಡಿಸೆಂಬರ್‌ನಿಂದ ಶಿವರಾತ್ರಿ, ಯುಗಾದಿಯವರೆಗೆ. ಸುಗ್ಗಿ ಮುಗಿದು ಕೈಯಲ್ಲಿ ಕಾಸು, ಬಿಡುವು ಎರಡೂ ಇರುವ ಹೊತ್ತು ಅದು. ದೊಡ್ಡಬಳ್ಳಾಪುರ ತಾಲೂಕಿನ ಘಾಟಿ ಸುಬ್ರಹ್ಮಣ್ಯ, ಕಾವೇರಿ ದಂಡೆಯ ಚುಂಚನಕಟ್ಟೆ ಮತ್ತು ಮುಡುಕುತೊರೆ, ಮಂಡ್ಯ ಜಿಲ್ಲೆಯ ಹೇಮಗಿರಿ, ತುಮಕೂರಿನ ಸಿದ್ಧಗಂಗೆ, ಸಂಕ್ರಾಂತಿಯ ಹೊತ್ತಿಗೆ ನಡೆಯುವ ವಿಜಯಪುರದ ಸಿದ್ಧೇಶ್ವರ ಜಾತ್ರೆ ಇವುಗಳಲ್ಲಿ ಹೆಸರಾದವು. ದಕ್ಷಿಣದ ಜಾತ್ರೆಗಳಲ್ಲಿ ಹಳ್ಳಿಕಾರ್ ಜೋಡಿಗಳದೇ ಮೆರವಣಿಗೆಯಾದರೆ, ಉತ್ತರದಲ್ಲಿ ಖಿಲಾರಿ ಹೋರಿಗಳ ಕೊಂಬಿಗೆ ಬಣ್ಣ ಏರುತ್ತದೆ. ನವೆಂಬರ್‌ನಲ್ಲಿ ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿ ಕೃಷಿ ವಿಶ್ವವಿದ್ಯಾಲಯ ನಡೆಸುವ ಕೃಷಿಮೇಳದಲ್ಲೂ ಪಶುಸಂಗೋಪನೆಯ ಮಳಿಗೆಗಳ ಮುಂದೆ ಜನ ಕಿಕ್ಕಿರಿಯುತ್ತಾರೆ. 2021ರ ಮೇಳದಲ್ಲಿ ಮಳವಳ್ಳಿ ಕಡೆಯ ಒಂದು ಹಳ್ಳಿಕಾರ್ ಹೋರಿ ಕೋಟಿ ರೂಪಾಯಿ ಬೆಲೆಯದೆಂದು ಸುದ್ದಿಯಾದಾಗ, ಅದನ್ನು ಮುಟ್ಟಿ ನೋಡಿ ಫೋಟೊ ತೆಗೆಸಿಕೊಳ್ಳಲು ನೂಕುನುಗ್ಗಲಾಗಿತ್ತು.

ಮುಟ್ಟುವ ಕೈ ರೋಗವನ್ನು ಹೇಗೆ ಹೊತ್ತೊಯ್ಯುತ್ತದೆ ಎಂಬುದು ಜಾತ್ರೆಯ ವ್ಯಾಪಾರವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಕೊಳ್ಳುವವನು ಮೂಗುದಾರ ಹಿಡಿದು ಎತ್ತಿನ ತಲೆಯನ್ನು ಮೇಲಕ್ಕೆತ್ತುತ್ತಾನೆ. ಕೆಳದುಟಿಯನ್ನು ಹೆಬ್ಬೆರಳಿನಲ್ಲಿ ಬಗ್ಗಿಸಿ ಹಲ್ಲು ಎಣಿಸುತ್ತಾನೆ. ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದೆಯೋ ಎಂಬುದರ ಮೇಲೆ ವಯಸ್ಸು ನಿಗದಿ, ವಯಸ್ಸಿನ ಮೇಲೆ ಬೆಲೆ. ಜೊಲ್ಲು ಹತ್ತಿದ ಕೈಯನ್ನು ಹೆಗಲ ಮೇಲಿನ ಟವೆಲಿಗೆ ಒರೆಸಿಕೊಂಡು ಪಕ್ಕದ ಜೋಡಿಯ ಬಾಯಿಗೆ ಕೈ ಹಾಕುತ್ತಾನೆ. ದಲ್ಲಾಳಿ ಅದೇ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಾನೆ. ಕಾಲುಬಾಯಿ ಜ್ವರದ ವೈರಾಣು ಹೇರಳವಾಗಿರುವುದು ಆ ಜೊಲ್ಲಿನಲ್ಲೇ. ಮನುಷ್ಯನಿಗೆ ಈ ರೋಗ ತಗಲುವುದು ತೀರ ಅಪರೂಪ. ಆದರೆ ಅವನ ಕೈ, ಬಟ್ಟೆ, ಚಪ್ಪಲಿಗಳು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಅದನ್ನು ಸಾಗಿಸಲು ಸಾಕು.

ಕಾಲುಬಾಯಿ ಜ್ವರವನ್ನು ಇಲ್ಲಿ ಮೊದಲು ಹೇಳಲು ಕಾರಣವಿದೆ. ಗೊರಸು ಸೀಳಿರುವ ದನ, ಎಮ್ಮೆ, ಕುರಿ, ಮೇಕೆ, ಹಂದಿ ಎಲ್ಲಕ್ಕೂ ಇದು ಬರುತ್ತದೆ. 1898ರಲ್ಲಿ ಜರ್ಮನಿಯ ಲಾಫ್ಲರ್ ಮತ್ತು ಫ್ರಾಷ್ ಇದಕ್ಕೆ ಬ್ಯಾಕ್ಟೀರಿಯಾಕ್ಕಿಂತ ಸೂಕ್ಷ್ಮವಾದ, ಸೋಸಣಿಗೆಯಲ್ಲೂ ನುಸುಳುವ ಕಾರಕವಿದೆ ಎಂದು ತೋರಿಸಿದರು. ಪ್ರಾಣಿಗಳಲ್ಲಿ ಪತ್ತೆಯಾದ ಮೊದಲ ವೈರಾಣು ಅದೇ. ಅದರ 7 ಬಗೆಗಳಲ್ಲಿ ಭಾರತವನ್ನು ಕಾಡುತ್ತಿರುವುದು ಓ, ಎ ಮತ್ತು ಏಷ್ಯಾ-1. ಸೋಂಕು ತಗಲಿ ಲಕ್ಷಣ ಕಾಣಿಸಲು 2ರಿಂದ 14 ದಿನ ಬೇಕು. ನಾಲಿಗೆ, ಒಸಡು, ಗೊರಸಿನ ಸಂದುಗಳಲ್ಲಿ ಗುಳ್ಳೆ ಏಳುವ ಮೊದಲೇ ಹಾಲಿನಲ್ಲಿ, ಉಸಿರಿನಲ್ಲಿ ವೈರಾಣು ಹೊರಬೀಳತೊಡಗಿರುತ್ತದೆ. ಜಾತ್ರೆಯ ಬಾಗಿಲಲ್ಲಿ ನಿಂತ ಪಶುವೈದ್ಯರು ಎಷ್ಟೇ ಚುರುಕಾಗಿದ್ದರೂ, ನೋಟಕ್ಕೆ ಆರೋಗ್ಯವಾಗಿರುವ ರಾಸೊಂದು ಒಳಗೆ ರೋಗ ಹೊತ್ತು ಬರಬಹುದು. ತಪಾಸಣೆಯೊಂದನ್ನೇ ನಂಬಿದ ಏರ್ಪಾಡು ಸೋಲುವುದು ಇಲ್ಲಿ.

ಇತರ ರೋಗಗಳ ದಾರಿ ಬೇರೆ ಬೇರೆ. ಚರ್ಮಗಂಟು ರೋಗವನ್ನು ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಹರಡುತ್ತವೆ. ಕಂದು ಹಾಕಿಸುವ ಬ್ರುಸೆಲ್ಲೋಸಿಸ್ ಬರುವುದು ಕಂದು ಹಾಕಿದ ಹಸುವಿನ ಮಾಸು, ಸ್ರಾವಗಳಿಂದ. ಕಾಯಿಸದ ಹಾಲಿನಿಂದ ಅದು ಮನುಷ್ಯರಿಗೂ ತಗಲುತ್ತದೆ. ಗಳಲೆ ರೋಗಕ್ಕೆ ದೂರದ ಪ್ರಯಾಣದ ದಣಿವೇ ಸಾಕು. ಗಂಟಲಲ್ಲಿ ಸದ್ದಿಲ್ಲದೆ ಕುಳಿತಿದ್ದ ಬ್ಯಾಕ್ಟೀರಿಯಾ ಕೆರಳುತ್ತದೆ. ಬೀಜದ ಹೋರಿಗಳ ವೀರ್ಯದಲ್ಲೂ ಕಾಲುಬಾಯಿ, ಚರ್ಮಗಂಟು, ಬ್ರುಸೆಲ್ಲಾ ರೋಗಾಣುಗಳು ಸಾಗಬಲ್ಲವು. ಆದ್ದರಿಂದ ಮೇಳದಲ್ಲಿ ಮೆರೆದ ಹೋರಿಯ ವೀರ್ಯಕ್ಕೆ ಬೇಡಿಕೆ ಏರಿದಾಗ ಅದರ ವಂಶಾವಳಿಗಿಂತ ಮೊದಲು ಪರೀಕ್ಷೆಯ ವರದಿಯನ್ನು ಕೇಳಬೇಕು.

ಜಾನುವಾರು ಕೂಟಕ್ಕೂ ಸಾಂಕ್ರಾಮಿಕಕ್ಕೂ ಇರುವ ನಂಟು ಇತಿಹಾಸದಲ್ಲಿ ಮೊದಲು ಸ್ಪಷ್ಟವಾಗಿ ಕಂಡದ್ದು ದನಗಳ ದೊಡ್ಡರೋಗದಿಂದ (ರಿಂಡರ್‌ಪೆಸ್ಟ್). 1865ರಲ್ಲಿ ಬಾಲ್ಟಿಕ್ ಕಡೆಯಿಂದ ಹಲ್ ಬಂದರಿಗೆ ಬಂದಿಳಿದ ದನಗಳೊಂದಿಗೆ ಇಂಗ್ಲೆಂಡಿಗೆ ಬಂದ ಈ ರೋಗ ಲಂಡನ್ನಿನ ಇಸ್ಲಿಂಗ್ಟನ್ ದನದ ಮಾರುಕಟ್ಟೆಯಿಂದ ದೇಶವಿಡೀ ಹಬ್ಬಿತು. ಮರುವರ್ಷ ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ನಡೆಯಬೇಕಿದ್ದ ರಾಯಲ್ ಅಗ್ರಿಕಲ್ಚರಲ್ ಸೊಸೈಟಿಯ ಪ್ರದರ್ಶನವನ್ನು 1867ಕ್ಕೆ ಮುಂದೂಡಬೇಕಾಯಿತು. 1920ರಲ್ಲಿ ಭಾರತದಿಂದ ಬ್ರೆಜಿಲ್ಲಿಗೆ ಹೊರಟಿದ್ದ ಹಿಣಿಲಿನ ದನಗಳು ಬೆಲ್ಜಿಯಂನ ಆಂಟ್‌ವರ್ಪ್ ಬಂದರಿನಲ್ಲಿ ತಂಗಿದಾಗ ಅಲ್ಲಿ ದೊಡ್ಡರೋಗ ಕಾಣಿಸಿಕೊಂಡಿತು. ಆ ಗಾಬರಿಯಿಂದ ಶುರುವಾದ ಮಾತುಕತೆಯ ಫಲವಾಗಿ 1924ರ ಜನವರಿ 25ರಂದು 28 ದೇಶಗಳು ಪ್ಯಾರಿಸ್‌ನಲ್ಲಿ ಒಪ್ಪಂದಕ್ಕೆ ಸಹಿ ಹಾಕಿದವು. ಇಂದಿನ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆ ಹುಟ್ಟಿದ್ದು ಹೀಗೆ. ಮೈಸೂರು ಸಂಸ್ಥಾನದಲ್ಲಿ ಇದೇ ರೋಗದ ವಿರುದ್ಧ ಸೀರಂ ತಯಾರಿಸಲು 1920ರ ದಶಕದಲ್ಲಿ ಆರಂಭವಾದ ಸೀರಂ ಸಂಸ್ಥೆ ಈಗ ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಾಗಿ ಬೆಳೆದಿದೆ. ಭಾರತದಲ್ಲಿ ದೊಡ್ಡರೋಗ ಕೊನೆಯ ಬಾರಿ ಕಾಣಿಸಿದ್ದು 1995ರಲ್ಲಿ. 2011ರಲ್ಲಿ ಅದನ್ನು ಭೂಮಿಯಿಂದಲೇ ತೊಲಗಿಸಲಾಯಿತು ಎಂಬ ಘೋಷಣೆ ಹೊರಬಿತ್ತು.

ಬಯಲಿನಿಂದ ಮನೆಗೆ ಹಿಂದಿರುಗುವ ದಾರಿ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ 2001ರ ಬ್ರಿಟನ್ನಿಗಿಂತ ದೊಡ್ಡ ಉದಾಹರಣೆ ಬೇಕಿಲ್ಲ. ಆ ಫೆಬ್ರವರಿ 20ರಂದು ಎಸೆಕ್ಸ್‌ನ ಕಸಾಯಿಖಾನೆಯೊಂದರ ಹಂದಿಗಳಲ್ಲಿ ಕಾಲುಬಾಯಿ ಜ್ವರ ಖಚಿತವಾಯಿತು. ಜಾಡು ಹಿಡಿದು ಹೋದಾಗ ಉತ್ತರದ ಹೆಡನ್-ಆನ್-ದ-ವಾಲ್ ಎಂಬಲ್ಲಿನ ಹಂದಿ ಸಾಕಣೆಯ ಜಾಗ ಸಿಕ್ಕಿತು. ಅಲ್ಲಿ ಸರಿಯಾಗಿ ಕುದಿಸದ ಮುಸುರೆಯನ್ನು ಹಂದಿಗಳಿಗೆ ಹಾಕಲಾಗಿತ್ತು. ಅಲ್ಲಿಂದ ಗಾಳಿಯಲ್ಲಿ ಹತ್ತಿರದ ಕುರಿಗಳಿಗೆ ಸೋಂಕು ತಗಲಿ, ಆ ಕುರಿಗಳು ಹೆಕ್ಸಮ್ ಮತ್ತು ಲಾಂಗ್‌ಟೌನ್ ಸಂತೆಗಳಿಗೆ ಹೋದವು. ಕುರಿಗಳಲ್ಲಿ ಈ ರೋಗದ ಲಕ್ಷಣ ಬಹಳ ಮೆದು: ತುಸು ಕುಂಟುವುದು, ಒಂದೆರಡು ಗುಳ್ಳೆ, ಅಷ್ಟೇ. ಯಾರಿಗೂ ಅನುಮಾನ ಬರಲಿಲ್ಲ. ಮೊದಲ ಪ್ರಕರಣ ಪತ್ತೆಯಾಗುವ ಹೊತ್ತಿಗೇ ಸಂತೆಯಿಂದ ಸಂತೆಗೆ, ವ್ಯಾಪಾರಿಯಿಂದ ವ್ಯಾಪಾರಿಗೆ ದಾಟಿ ರೋಗ ದೇಶದ ಹಲವು ಮೂಲೆ ಸೇರಿಬಿಟ್ಟಿತ್ತು. ಸೆಪ್ಟೆಂಬರ್ ವೇಳೆಗೆ 2,026 ಕಡೆ ಸೋಂಕು ದೃಢಪಟ್ಟು, 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಲಾಯಿತು. ಆ ವರ್ಷ ಸ್ಟೋನ್‌ಲಿಯ ರಾಯಲ್ ಶೋ, ಗ್ರೇಟ್ ಯಾರ್ಕ್‌ಶೈರ್ ಶೋ, ರಾಯಲ್ ವೆಲ್ಷ್ ಮತ್ತು ರಾಯಲ್ ಹೈಲ್ಯಾಂಡ್ ಪ್ರದರ್ಶನಗಳು ನಡೆಯಲೇ ಇಲ್ಲ.

ಆ ಪಾಠದಿಂದ ಇಂಗ್ಲೆಂಡ್ ಕಲಿತದ್ದು ಒಂದು ಸರಳ ನಿಯಮ. ಹೊರಗಿನಿಂದ ರಾಸೊಂದು ಹಟ್ಟಿಗೆ ಬಂದರೆ, ಆ ಹಟ್ಟಿಯಿಂದ 6 ದಿನ ದನ, ಕುರಿ, ಮೇಕೆ ಹೊರಗೆ ಹೋಗುವಂತಿಲ್ಲ. ಹಂದಿಗಳಿಗೆ ಈ ತಡೆ 20 ದಿನ. ಬೇಸಿಗೆಯಿಡೀ ಒಂದು ಪ್ರದರ್ಶನದಿಂದ ಇನ್ನೊಂದಕ್ಕೆ ಓಡಾಡುವವರಿಗೆ ಇದು ಕಷ್ಟ. ಅಂಥವರು ಉಳಿದ ಮಂದೆಯಿಂದ ಪೂರ್ತಿ ಬೇರೆಯಾದ, ಮೊದಲೇ ಮಂಜೂರಾತಿ ಪಡೆದ ಪ್ರತ್ಯೇಕ ಕೊಟ್ಟಿಗೆಯಲ್ಲಿ ಪ್ರದರ್ಶನದ ರಾಸುಗಳನ್ನು ಇರಿಸಿದರೆ ಮಂದೆಗೆ ತಡೆ ಬೀಳುವುದಿಲ್ಲ. ರೋಗ ಇದೆಯೋ ಇಲ್ಲವೋ ಎಂದು ಕಾಯದೆ, ಮರಳಿ ಬಂದ ಪ್ರತಿಯೊಂದು ರಾಸನ್ನೂ ಕೆಲವು ದಿನ ಅನುಮಾನದಿಂದ ನೋಡುವ ಏರ್ಪಾಡಿದು. ಪಾಲಿಸುವುದು ಎಷ್ಟೇ ತ್ರಾಸವಾದರೂ ತರ್ಕ ಅಲ್ಲಗಳೆಯಲಾಗದ್ದು.

ಅಮೆರಿಕದ ಕೌಂಟಿ ಮೇಳಗಳಲ್ಲಿ ಸಮಸ್ಯೆ ಇನ್ನೊಂದು ರೂಪದಲ್ಲಿ ಬಂತು. ಅಲ್ಲಿ ಹಳ್ಳಿಯ ಮಕ್ಕಳು ತಾವೇ ಸಾಕಿದ ಹಂದಿ, ಕರು, ಕೋಳಿಗಳನ್ನು ತಂದು ಬಹುಮಾನಕ್ಕೆ ಸ್ಪರ್ಧಿಸುತ್ತಾರೆ. ರಾತ್ರಿ ಅವುಗಳ ಪಕ್ಕದಲ್ಲೇ ಮಲಗುವವರೂ ಉಂಟು. 2012ರ ಬೇಸಿಗೆಯಲ್ಲಿ ಹಂದಿಗಳ ಎಚ್3ಎನ್2 ಜ್ವರದ ಒಂದು ಬಗೆ 306 ಜನರಿಗೆ ತಗಲಿತು. ಹೆಚ್ಚಿನವರು ಇಂಡಿಯಾನಾ ಮತ್ತು ಒಹಾಯೊ ರಾಜ್ಯದವರು, ಬಹುಪಾಲು ಮಕ್ಕಳು, ಬಹುತೇಕ ಎಲ್ಲರೂ ಮೇಳದಲ್ಲಿ ಹಂದಿಗಳ ಹತ್ತಿರ ಹೋಗಿದ್ದವರು. 16 ಮಂದಿ ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಹಂದಿಗಳನ್ನು ಒಂದೆಡೆ ಕೂಡಿಹಾಕುವ ಅವಧಿ 72 ಗಂಟೆ ಮೀರಬಾರದು ಎಂಬ ಸಲಹೆಗೆ ಆಮೇಲೆ ಬಲ ಬಂತು. ಸೋಂಕು ಒಂದು ಹಂದಿಯಿಂದ ಇನ್ನೊಂದಕ್ಕೆ ದಾಟಿ ಇಡೀ ದೊಡ್ಡಿಯನ್ನು ಹಿಡಿಯಲು ಕೆಲವು ದಿನ ಬೇಕಾಗುತ್ತದೆ. ಆ ಸಮಯವನ್ನೇ ಕೊಡದಿರುವುದು ಈ ಸಲಹೆಯ ಜಾಣ್ಮೆ. ಹತ್ತು ಹದಿನೈದು ದಿನ ರಾಸು ಕಟ್ಟುವ ನಮ್ಮ ಜಾತ್ರೆಗಳೂ ಇದನ್ನು ಗಂಭೀರವಾಗಿ ಯೋಚಿಸಬೇಕು.

ಪ್ರಾಣಿಗಳಿಂದ ಮನುಷ್ಯರಿಗೆ ಬರುವ ಸೋಂಕಿನ ಮಾತು ಬಂದಾಗ 2004ರ ನಾರ್ತ್ ಕೆರೊಲೈನಾ ರಾಜ್ಯ ಮೇಳವನ್ನು ಮರೆಯುವಂತಿಲ್ಲ. ಮಕ್ಕಳು ಮೇಕೆ, ಕುರಿಗಳನ್ನು ಮುದ್ದಾಡುವ ಅಂಗಳದಿಂದ ಇ. ಕೊಲೈ ಒ157 ಎಂಬ ಬ್ಯಾಕ್ಟೀರಿಯಾ 108 ಮಂದಿಗೆ ಹರಡಿತು; ಕೆಲವು ಮಕ್ಕಳ ಮೂತ್ರಪಿಂಡಗಳೇ ಕೆಟ್ಟವು. ಮರುವರ್ಷ ಆ ರಾಜ್ಯ ಇಂಥ ಪ್ರದರ್ಶನಗಳಿಗೆ ಪರವಾನಗಿ, ತಪಾಸಣೆ, ಕೈತೊಳೆಯುವ ವ್ಯವಸ್ಥೆ ಕಡ್ಡಾಯ ಮಾಡಿ ಕಾನೂನು ತಂದಿತು. ಸೋಪು ಮತ್ತು ಹರಿಯುವ ನೀರು ಪ್ರಾಣಿಗಳ ಅಂಗಳದಿಂದ ಹೊರಬರುವ ಬಾಗಿಲಲ್ಲೇ ಇರಬೇಕು. ತಿಂಡಿ ಅಂಗಡಿ ಅದರಾಚೆ ಇರಬೇಕು. ಇಷ್ಟನ್ನು ಮಾಡಲು ಹಣಕ್ಕಿಂತ ಬಯಲಿನ ನಕ್ಷೆ ಬರೆಯುವವರ ಗಮನ ಮುಖ್ಯ.

2024ರ ಮಾರ್ಚ್‌ನಲ್ಲಿ ಟೆಕ್ಸಾಸ್‌ನ ಹಾಲಿನ ಹಸುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾದಾಗ ಅಮೆರಿಕದ ರಾಜ್ಯಗಳು ನಡೆದುಕೊಂಡ ರೀತಿಯಲ್ಲಿ ಹಿಂದಿನ ಅನುಭವದ ಫಲ ಕಾಣುತ್ತದೆ. ವೈರಾಣು ಮುಖ್ಯವಾಗಿ ಹಾಲಿನಲ್ಲಿ, ಹಾಲು ಕರೆಯುವ ಯಂತ್ರದ ಬಟ್ಟಲುಗಳಲ್ಲಿ ಇರುವುದು ಗೊತ್ತಾಗುತ್ತಲೇ ಕಟ್ಟುಪಾಡು ಕರೆಯುವ ಹಸುಗಳ ಮೇಲೆ ಮಾತ್ರ ಬಿತ್ತು. ಮಿನೆಸೊಟಾ, ವಿಸ್ಕಾನ್ಸಿನ್ ರಾಜ್ಯಗಳು ಮೇಳಕ್ಕೆ ಬರುವ ಮುನ್ನ ಅವುಗಳ ಪರೀಕ್ಷೆ ಕಡ್ಡಾಯ ಮಾಡಿದವು. ಮಿಷಿಗನ್ ಅವುಗಳ ಪ್ರದರ್ಶನವನ್ನೇ ಆಗ ತಡೆಯಿತು. ಕಡಸು, ಕರುಗಳ ಮೇಲೆ ಆ ತಡೆ ಬೀಳಲಿಲ್ಲ. ರೋಗದ ದಾರಿಯನ್ನು ತಿಳಿದು ಅಷ್ಟನ್ನೇ ಮುಚ್ಚಿದರೆ ಉಳಿದ ಮೇಳ ನಡೆಯಬಹುದು.

ಭಾರತದಲ್ಲಿ ಈ ವಿಷಯದ ಮುಖ್ಯ ಕಾನೂನು 2009ರ ಪ್ರಾಣಿಗಳ ಸಾಂಕ್ರಾಮಿಕ ಮತ್ತು ಅಂಟುರೋಗ ತಡೆ ಹಾಗೂ ನಿಯಂತ್ರಣ ಅಧಿನಿಯಮ. ಪಟ್ಟಿಯಲ್ಲಿರುವ ರೋಗದ ಲಕ್ಷಣ ಕಂಡರೆ ಗ್ರಾಮ ಪಂಚಾಯಿತಿಗೆ, ಅದರ ಮೂಲಕ ಪಶುವೈದ್ಯರಿಗೆ ತಿಳಿಸುವುದು ಮಾಲೀಕನ ಕರ್ತವ್ಯ. ನಿಯಂತ್ರಿತ ಪ್ರದೇಶ ಎಂದು ಘೋಷಣೆಯಾದ ಕಡೆ ಜಾನುವಾರು ಸಂತೆ, ಜಾತ್ರೆ, ಪ್ರದರ್ಶನ ಕೂಡದು. 2019ರ ಸೆಪ್ಟೆಂಬರ್‌ನಲ್ಲಿ ಮಥುರಾದಲ್ಲಿ ಚಾಲನೆ ಪಡೆದ ರಾಷ್ಟ್ರೀಯ ಪ್ರಾಣಿ ರೋಗ ನಿಯಂತ್ರಣ ಕಾರ್ಯಕ್ರಮ ಕಾಲುಬಾಯಿ ಜ್ವರಕ್ಕೆ ವರ್ಷಕ್ಕೆರಡು ಬಾರಿ ಉಚಿತ ಲಸಿಕೆ, 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಬ್ರುಸೆಲ್ಲೋಸಿಸ್ ಲಸಿಕೆ ಒದಗಿಸುತ್ತದೆ. ಲಸಿಕೆ ಹಾಕಿದ ರಾಸಿನ ಕಿವಿಯಲ್ಲಿ 12 ಅಂಕಿಯ ಹಳದಿ ಓಲೆ ಇರುತ್ತದೆ. ಜಾತ್ರೆಯ ಬಾಗಿಲಲ್ಲಿ ಆ ಅಂಕಿಯನ್ನು ಮೊಬೈಲಿನಲ್ಲಿ ದಾಖಲಿಸಿಕೊಂಡರೆ, ನಾಳೆ ಎಲ್ಲೋ ರೋಗ ಕಂಡಾಗ ಯಾವ ಊರಿಗೆ ಎಚ್ಚರಿಕೆ ಕಳಿಸಬೇಕೆಂದು ಗಂಟೆಗಳಲ್ಲಿ ತಿಳಿಯಬಹುದು. ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಂಶೋಧನಾ ಸಂಸ್ಥೆ ನಿವೇದಿ, ಯಾವ ಜಿಲ್ಲೆಯಲ್ಲಿ ಯಾವ ರೋಗ ಬರಬಹುದು ಎಂಬ ಮುನ್ಸೂಚನೆಯನ್ನು ತಿಂಗಳಿಗೊಮ್ಮೆ ಕೊಡುತ್ತದೆ. ಮೇಳದ ದಿನಾಂಕ ಗೊತ್ತುಮಾಡುವ ಸಭೆಯಲ್ಲಿ ಅದೂ ಮೇಜಿನ ಮೇಲಿರಬೇಕು.

2022ರಲ್ಲಿ ಇದೆಲ್ಲದರ ಪರೀಕ್ಷೆ ನಡೆಯಿತು. 1929ರಲ್ಲಿ ಇಂದಿನ ಜಾಂಬಿಯಾದಲ್ಲಿ ಮೊದಲು ಗುರುತಾದ ಚರ್ಮಗಂಟು ರೋಗ 2019ರಲ್ಲಿ ಒಡಿಶಾದ ಮೂಲಕ ಭಾರತದಲ್ಲಿ ಕಾಣಿಸಿತ್ತು. ಮೂರು ವರ್ಷಗಳ ಬಳಿಕ ಅದು ಗುಜರಾತ್, ರಾಜಸ್ಥಾನಗಳಲ್ಲಿ ಉಲ್ಬಣಗೊಂಡು ದೇಶದಲ್ಲಿ ಲಕ್ಷಕ್ಕೂ ಹೆಚ್ಚು ದನಗಳನ್ನು ಬಲಿ ತೆಗೆದುಕೊಂಡಿತು. ಪುಷ್ಕರ ಮೇಳ ಆ ವರ್ಷ ಜಾನುವಾರುಗಳಿಲ್ಲದೆ ನಡೆಯಿತು. ಕರ್ನಾಟಕದಲ್ಲೂ ಹಲವು ಜಿಲ್ಲಾಡಳಿತಗಳು ದನಗಳ ಸಂತೆ, ಜಾತ್ರೆ, ಸಾಗಾಟವನ್ನು ನಿಷೇಧಿಸಿದವು. ನೊಣ ಹಾರುವ ದೂರ ಹೆಚ್ಚಿಲ್ಲ. ಜಿಲ್ಲೆಯಿಂದ ಜಿಲ್ಲೆಗೆ ರೋಗ ನೆಗೆಯುವುದು ಲಾರಿ ಹತ್ತಿದ ದನದೊಂದಿಗೆ. ಆ ಲೆಕ್ಕದಲ್ಲಿ ನಿಷೇಧ ಸರಿಯಾದ ಹೆಜ್ಜೆಯೇ. ಆದರೆ ಉಳುಮೆಗೆ ಜೋಡಿ ಬೇಕಾದವನಿಗೆ, ವರ್ಷವಿಡೀ ಹುರುಳಿ, ಬೂಸಾ ತಿನ್ನಿಸಿ ಮಾರಾಟಕ್ಕೆಂದು ಸಾಕಿದವನಿಗೆ ಜಾತ್ರೆ ಬಿಟ್ಟರೆ ಬೇರೆ ಪೇಟೆ ಕಡಿಮೆ. ಅಧಿಕೃತ ಬಯಲನ್ನು ಮುಚ್ಚಿದರೆ ವ್ಯಾಪಾರ ತೋಟದ ಮರೆಗೆ, ಕೆರೆಯಂಗಳಕ್ಕೆ ಜರುಗುತ್ತದೆ. ಅಲ್ಲಿ ಪಶುವೈದ್ಯರೂ ಇಲ್ಲ, ದಾಖಲೆಯೂ ಇಲ್ಲ. ನಿಷೇಧ ಕೊನೆಯ ಅಸ್ತ್ರವಾಗಬೇಕಾದರೆ ಸಾಮಾನ್ಯ ವರ್ಷಗಳ ಏರ್ಪಾಡು ಗಟ್ಟಿಯಾಗಿರಬೇಕು.

ಆ ಏರ್ಪಾಡು ಹೊರಡುವ ಮೊದಲೇ ಶುರುವಾಗುತ್ತದೆ. ಲಸಿಕೆ ಹಾಕಿದ ದಿನವೇ ಮೈಯಲ್ಲಿ ರಕ್ಷಣೆ ಹುಟ್ಟುವುದಿಲ್ಲ, ಅದಕ್ಕೆ ಎರಡು ಮೂರು ವಾರ ಬೇಕು. ಆದ್ದರಿಂದ ಜಾತ್ರೆಯ ಬಾಗಿಲಲ್ಲಿ ಹಾಕುವ ಸೂಜಿ ಆ ಜಾತ್ರೆಯ ಮಟ್ಟಿಗೆ ಹೆಚ್ಚು ಪ್ರಯೋಜನಕ್ಕೆ ಬರುವುದಿಲ್ಲ. ಜ್ವರ, ಕೆಮ್ಮು, ಕುಂಟು, ಮೇವು ಬಿಟ್ಟಿರುವುದು ಕಂಡರೆ ರಾಸನ್ನು ಮನೆಯಲ್ಲೇ ಉಳಿಸಬೇಕು. ಅದರ ಜೊತೆಗಾರನನ್ನೂ ಕೂಡ.

ಬಯಲಿನಲ್ಲಿ ಬಾಗಿಲು ಒಂದೇ ಇರಬೇಕು. ಬಾಗಿಲ ಹೊರಗೇ ತಪಾಸಣೆ, ಅನುಮಾನ ಬಂದ ರಾಸಿಗೆ ಗಾಳಿಯ ದಿಕ್ಕು ನೋಡಿ ದೂರ ಕಟ್ಟಿದ ಪ್ರತ್ಯೇಕ ಚಪ್ಪರ ಇರಬೇಕು. ಎಲ್ಲಕ್ಕಿಂತ ದೊಡ್ಡ ತೊಂದರೆ ನೀರಿನ ತೊಟ್ಟಿ. ನೂರಾರು ಜೋಡಿ ಒಂದೇ ತೊಟ್ಟಿಗೆ ಬಾಯಿ ಹಾಕಿದರೆ ಉಳಿದ ಎಚ್ಚರಿಕೆಗಳೆಲ್ಲ ನೀರುಪಾಲು. ನಲ್ಲಿಯಿಂದ ಹಿಡಿದ ನೀರನ್ನು ಪ್ರತಿಯೊಬ್ಬರೂ ತಮ್ಮದೇ ಬಕೆಟ್ಟಿನಲ್ಲಿ ಕುಡಿಸುವಂತೆ ಮಾಡುವುದು ಸುಲಭದ ಪರಿಹಾರ. ಕಣ್ಣಿ, ಮೂಗುದಾರ, ಗೌನು, ಮೈ ತಿಕ್ಕುವ ಬ್ರಷ್‌ಗಳನ್ನು ಎರವಲು ಕೊಡಬಾರದು. ಕಾಲುಬಾಯಿ ವೈರಾಣು ಹುಳಿಗೂ ಕ್ಷಾರಕ್ಕೂ ಬೇಗ ಸಾಯುತ್ತದೆ. 10 ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿದರೆ ಶೇ. 4ರ ದ್ರಾವಣ ಸಿದ್ಧ. ಚಪ್ಪಲಿ, ಗಾಡಿಯ ಚಕ್ರ, ಲಾರಿಯ ಹಲಗೆ ತೊಳೆಯಲು ಅದು ಸಾಕು. ಸಗಣಿ ಮೆತ್ತಿರುವ ಹಲಗೆಯ ಮೇಲೆ ಎಂಥ ಔಷಧ ಸಿಂಪಡಿಸಿದರೂ ಒಳಗೆ ಇಳಿಯದು. ಮೊದಲು ಕೆರೆದು ತೊಳೆಯಬೇಕು, ಔಷಧ ಆಮೇಲೆ. ತಂಪು ಹವೆಯಲ್ಲಿ ಸಗಣಿ, ಹುಲ್ಲಿನಲ್ಲಿ ವೈರಾಣು ವಾರಗಟ್ಟಲೆ ಬದುಕಬಲ್ಲದು. ಜಾತ್ರೆ ಮುಗಿದ ಮೇಲೆ ಉಳಿದ ಮೇವನ್ನು ಪಕ್ಕದ ಊರಿನವರು ಹೊತ್ತೊಯ್ಯುವುದು ಇದೇ ಕಾರಣಕ್ಕೆ ಅಪಾಯ.

ಇನ್ನು ಮನೆಗೆ ಬಂದ ಮೇಲಿನ ಘಟ್ಟ. ಹೊಸ ಜೋಡಿ ಕೊಂಡು ಬಂದ ದಿನ ಮನೆಯವರು ಆರತಿ ಎತ್ತಿ, ನೇರ ಕೊಟ್ಟಿಗೆಗೆ ಹೊಗಿಸಿ, ಹಳೆಯ ರಾಸುಗಳ ಪಕ್ಕದ ಗೊಂತಿಗೆ ಕಟ್ಟುವುದು ವಾಡಿಕೆ. ಆರತಿ ಇರಲಿ, ಕೊಟ್ಟಿಗೆ ಮೂರು ನಾಲ್ಕು ವಾರ ಕಾಯಬೇಕು. ಕಾಲುಬಾಯಿ ಜ್ವರಕ್ಕೆ ಎರಡು ವಾರ ಸಾಕಾದರೂ ಚರ್ಮಗಂಟು ಹೊರಬೀಳಲು 4 ವಾರದವರೆಗೆ ಹಿಡಿಯಬಹುದು. ತೋಟದ ಮನೆ, ಹುಣಿಸೆಮರದ ನೆರಳು, ಹಿತ್ತಿಲ ಚಪ್ಪರ, ಎಲ್ಲಾದರೂ ಸರಿ. ಮೇವು, ನೀರು ಬೇರೆ, ಮನೆಯ ದನಗಳ ಚಾಕರಿ ಮುಗಿದ ಮೇಲೆ ಕೊನೆಗೆ ಇವುಗಳ ಸರದಿ. ಪ್ರದರ್ಶನಕ್ಕೆ ಹೋಗಿ ಮಾರಾಟವಾಗದೆ ಮರಳಿದ ಮನೆಯ ರಾಸಿಗೂ ಇದೇ ನಿಯಮ. ಅದು ಹೊಸದಲ್ಲವಾದ್ದರಿಂದ ಜನ ಇದನ್ನು ಒಪ್ಪುವುದು ಕಷ್ಟ. ಜಾತ್ರೆಯಲ್ಲಿ ಬಹುಮಾನದ ಜೊತೆ ಕೊಡುವ ಪ್ರಮಾಣಪತ್ರದ ಹಿಂಬದಿಯಲ್ಲಿ ಈ ನಾಲ್ಕು ಸಾಲು ಅಚ್ಚಾದರೂ ಉಪಕಾರ.

ಈ ಅವಧಿಯಲ್ಲಿ ಲಕ್ಷಣ ಕಂಡರೆ ಹೇಳಿಕೊಳ್ಳುವ ಧೈರ್ಯ ರೈತನಿಗೆ ಇರಬೇಕು. ರೋಗ ಮುಚ್ಚಿಡುವುದು ಬಹಳ ಸಲ ನಷ್ಟದ ಭಯದಿಂದ. ಚರ್ಮಗಂಟು ರೋಗದಿಂದ ಸತ್ತ ಹಸುವಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರವನ್ನು ಕರ್ನಾಟಕ ಸರ್ಕಾರ 2022ರಲ್ಲಿ ಘೋಷಿಸಿತು. ಒಳ್ಳೆಯ ಜೋಡಿಯೊಂದಕ್ಕೆ ಜಾತ್ರೆಯಲ್ಲಿ ಲಕ್ಷ ದಾಟಿ ಬೆಲೆ ಬರುವಾಗ ಈ ಮೊತ್ತ ಸಣ್ಣದೇ. ಆದರೂ ಪರಿಹಾರ ಪಡೆಯಲು ಪಶುವೈದ್ಯರ ದೃಢೀಕರಣ ಬೇಕಿದ್ದುದರಿಂದ, ಸಾವು ಸರ್ಕಾರದ ಲೆಕ್ಕಕ್ಕೆ ಬರುವ ದಾರಿಯೊಂದು ತೆರೆಯಿತು. ಜಾತ್ರೆಯಿಂದ ಮರಳಿದ ರಾಸು ಮೇವು ಬಿಟ್ಟರೆ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು. ಕರೆ ಮಾಡುವಾಗ ಜಾತ್ರೆಯ ಹೆಸರು ಮತ್ತು ಕಿವಿಯೋಲೆಯ ಅಂಕಿ ಎರಡನ್ನೂ ಹೇಳಿದರೆ, ಅದೇ ಸಾಲಿನಲ್ಲಿ ನಿಂತಿದ್ದ ಉಳಿದ ರಾಸುಗಳ ಊರುಗಳನ್ನು ಇಲಾಖೆ ಹುಡುಕಿ ತಲುಪಲು ಅನುಕೂಲವಾಗುತ್ತದೆ.